ಮೂರನೆಯ ಲೋಟ

ಅವರು ತೀರಿಕೊಂಡ ಸುದ್ದಿ ಲ್ಯಾಬಿಗೆ ತಲುಪಿದ್ದು ಮಂಗಳವಾರ ಬೆಳಗ್ಗೆ, ಗ್ಲೂಕೋಸ್ ಟೆಸ್ಟಿನವರು ಖಾಲಿ ಹೊಟ್ಟೆಯಲ್ಲಿ ಬಂದು ಕೂರುವ ಹೊತ್ತಿಗೆ. ಸುದ್ದಿ ತಂದವರು ಅವರ ಅಕ್ಕ. ಕೈಯಲ್ಲೊಂದು ರಟ್ಟಿನ ಪೆಟ್ಟಿಗೆಯಿತ್ತು.

"ರಕ್ತ ತೆಗೆಯೋ ಮೇಡಂ ನೀವೇನಾ? ನನ್ನ ತಮ್ಮ, ಗಡಿಯಾರ ರಿಪೇರಿ ಮಾಡ್ತಿದ್ನಲ್ಲ... ಶನಿವಾರ ಹೋಗ್ಬಿಟ್ಟ."

ಆಕೆ ಸಿರಿಂಜನ್ನು ಟ್ರೇಯಲ್ಲಿಟ್ಟಳು. "ಏನಾಗಿತ್ತಕ್ಕಾ?"

"ಕಾಲ್ಬೆರಳಿಗೆ ಗಾಯ. ನಂಜೇರಿತು. ಸಕ್ಕರೆ ಮಿತಿಮೀರಿತ್ತಂತೆ. ಮೊದಲೇ ಗೊತ್ತಾಗಿದ್ರೆ ಉಳಿಸ್ಕೋಬಹುದಿತ್ತು ಅಂದ್ರು ಡಾಕ್ಟ್ರು."

ಮೊದಲೇ ತಿಳಿಸಬೇಕಾಗಿದ್ದವಳು ತಾನೇ.

ಎಂಟು ತಿಂಗಳ ಹಿಂದೆ ಅವರು ಡಾಕ್ಟರ ಚೀಟಿ ಹಿಡಿದು ಬಂದಿದ್ದರು. ಖಾಲಿ ಹೊಟ್ಟೆಯ ಸಕ್ಕರೆ ಗಡಿಯಲ್ಲಿತ್ತು, ಖಚಿತವಾಗಲು ಈ ಪರೀಕ್ಷೆಯೇ ಬೇಕಿತ್ತು. ಒಂದು ಲೋಟ ಗ್ಲೂಕೋಸ್ ನೀರು ಕುಡಿಯಬೇಕು, ಎರಡು ಗಂಟೆ ಕದಲದೆ ಕೂರಬೇಕು, ಮೂರು ಸಲ ಸೂಜಿ ಚುಚ್ಚಿಸಿಕೊಳ್ಳಬೇಕು. ನಡುವೆ ವಾಂತಿಯಾದರೆ ಎಲ್ಲ ದಂಡ. ಇನ್ನೊಂದು ದಿನ ಬರಬೇಕು. ಮೊದಲ ದಿನ ಅವರಿಗೆ ನಿಜಕ್ಕೂ ವಾಂತಿಯಾಯಿತು.

"ಇದು ಸಿಹಿಯಲ್ಲ ಮೇಡಂ, ಶಿಕ್ಷೆ."

"ನಿಧಾನ ಅಂತ ಹೇಳಿದ್ದೆನಲ್ಲ? ರೈಲು ತಪ್ಪಿಹೋಗುತ್ತೇನೋ ಅನ್ನೋ ಹಾಗೆ ಗಟಗಟ ಏರಿಸಿದ್ರಿ."

"ನೀವು ನೋಡ್ತಾ ನಿಂತಿದ್ರಿ. ಸ್ವಲ್ಪ ಧೈರ್ಯ ತೋರಿಸೋಣ ಅಂತ."

ಮದುವೆಯ ಮಾತನ್ನು ಮನೆಯವರೂ ಮರೆತುಬಿಟ್ಟಿದ್ದ, ನಲವತ್ತು ದಾಟಿದ ಆಕೆಯ ಕಿವಿ ಬಿಸಿಯಾಯಿತು.

ಅವರು ಎರಡನೆಯ ಸಲ ಬರುವ ಹೊತ್ತಿಗೆ ಆಕೆ ಡಾಕ್ಟರನ್ನು ಕೇಳಿ, ನೀರನ್ನು ತಣ್ಣಗೆ ಮಾಡಿ, ನಾಲ್ಕು ಹನಿ ನಿಂಬೆ ಹಿಂಡಿಟ್ಟಿದ್ದಳು. ಮೂಲೆಯಲ್ಲಿ ಒರಗುವ ಕುರ್ಚಿಯೂ ಬಂದಿತ್ತು.

"ಇದೆಲ್ಲ ನನಗೊಬ್ಬನಿಗೇನಾ?"

"ಎಲ್ಲರಿಗೂ," ಎಂದಳು. ಆ ದಿನ ಅದು ಸುಳ್ಳು. ಮರುದಿನದಿಂದ ನಿಜವಾಯಿತು, ಲೋಟ ನೋಡಿ ಮುಖ ಕಿವಿಚುತ್ತಿದ್ದವರೆಲ್ಲ ಸಲೀಸಾಗಿ ಕುಡಿದರು. ಆದರೆ ಅವರು ಮಾತ್ರ ಆ ಎರಡನೆಯ ಸಲವೂ ಬಾಯಿ ಮುಚ್ಚಿಕೊಂಡು ಸಿಂಕಿಗೆ ಓಡಿದ್ದರು.

"ಇನ್ನೆಷ್ಟು ಹೊತ್ತು ಅಂತ ಎಲ್ರೂ ನಿಮ್ಮ ತಲೆ ತಿಂತಾರಲ್ಲ," ಎಂದರು ಹೊರಡುವಾಗ. "ಒಂದೊಂದು ಕುರ್ಚಿಗೂ ಒಂದೊಂದು ಪುಟ್ಟ ಗಡಿಯಾರ ಮಾಡ್ಕೊಡ್ತೀನಿ. ಮುಂದಿನ ಸೂಜಿ ಯಾವಾಗ ಅಂತ ಅವರಿಗೇ ಕಾಣಿಸ್ಲಿ."

ಮೂರನೆಯ ಸಲ ಆಕೆ ಕಣ್ಣಾರೆ ಕಂಡಳು. ಸಿಂಕಿನ ಮುಂದೆ ನಿಂತು ಅವರು ಲೋಟವನ್ನು ಮೆಲ್ಲಗೆ ಬಗ್ಗಿಸುತ್ತಿದ್ದರು. ಕನ್ನಡಿಯಲ್ಲಿ ಕಣ್ಣಿಗೆ ಕಣ್ಣು ಸಿಕ್ಕಿತು. ಅವರು ಬೆಚ್ಚಲಿಲ್ಲ, ಕದ್ದು ಸಿಕ್ಕಿಬಿದ್ದ ಮಗುವಿನಂತೆ ನಕ್ಕರು.

ಗದರಬಹುದಿತ್ತು. ಇನ್ನೊಂದು ಲೋಟ ಕಲಸಿ ಎದುರಿಗೆ ಕೂತು ಕುಡಿಸಬಹುದಿತ್ತು. ಆಕೆ ರಿಜಿಸ್ಟರ್ ತೆರೆದು ಬರೆದಳು: ವಾಂತಿ. ಇನ್ನೊಂದು ದಿನ.

ಆಕೆ ಜೀವಮಾನದಲ್ಲಿ ಬರೆದ ಪ್ರೇಮಪತ್ರ ಅದೊಂದೇ.

ಆ ಇನ್ನೊಂದು ದಿನ ಬರಲಿಲ್ಲ. ಅವರ ಫೋನ್ ನಂಬರು ಅದೇ ಪುಟದಲ್ಲಿತ್ತು. ತಾನಾಗಿಯೇ ಫೋನ್ ಮಾಡಿದರೆ ಏನಂದುಕೊಂಡಾರು ಎಂದು ನಾಚಿ ಕೂತಳು. ಅಷ್ಟರಲ್ಲಿ ತಿಂಗಳುಗಳೇ ಉರುಳಿದವು.

"ಒಂದು ಮಾತ್ರ ನನಗೆ ಅರ್ಥ ಆಗ್ಲಿಲ್ಲ ಮೇಡಂ," ಎಂದರು ಅಕ್ಕ. "ತಣ್ಣಗೆ ಮಾಡಿ ನಿಂಬೆ ಹಿಂಡಿ ಕೊಟ್ರೂ ಗಂಟಲಲ್ಲಿ ಇಳೀಲಿಲ್ಲ ಅಂತಿದ್ದ. ಚಿಕ್ಕಂದಿನಲ್ಲಿ ಇವನಿಗೆ ಹೆದರಿ ಸಕ್ಕರೆ ಡಬ್ಬಿ ಬಚ್ಚಿಡ್ತಿದ್ದೆ ನಾನು."

ಆಕೆಗೆ ಬಾಯೆಲ್ಲ ಕಹಿಯಾಯಿತು. "ಅವರು ಕುಡೀಲಿಲ್ಲ ಅಕ್ಕಾ. ಚೆಲ್ಲಿದ್ರು. ನಾನು ನೋಡಿದ್ದೆ. ನೋಡಿಯೂ ಸುಮ್ನಿದ್ದೆ."

"ಯಾಕೆ?"

"ಮತ್ತೆ ಬರ್ಲಿ ಅಂತ."

ಅಕ್ಕ ಬೈಯಲಿಲ್ಲ, ಸಂತೈಸಲೂ ಇಲ್ಲ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. "ಆರು ಗಡಿಯಾರ ಇವೆ. ಇವು ಮುಗಿದ ಮೇಲೇ ಲ್ಯಾಬಿಗೆ ಹೋಗೋದು ಅಂತಿದ್ದ. ಆಸ್ಪತ್ರೆಗೆ ಹೊರಡೋ ಮುಂಚೆ ಎಲ್ಲಾ ಮುಗಿಸಿಟ್ಟಿದ್ದ. ನಿಮಗೇ ಕೊಡು ಅಂದಿದ್ದ." ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮೆಟ್ಟಿಲಿಳಿದರು.

"ಸಿಸ್ಟರ್, ಇನ್ನೆಷ್ಟು ಹೊತ್ತು?" ಬಸುರಿಯೊಬ್ಬಳು ಖಾಲಿ ಲೋಟ ಚಾಚಿ ಕೇಳಿದಳು.

ಆಕೆ ಒಂದು ಗಡಿಯಾರಕ್ಕೆ ಕೀ ಕೊಟ್ಟು ಅವಳ ಮುಂದಿಟ್ಟಳು. ಟಿಕ್ ಟಿಕ್ ಸದ್ದು ಶುರುವಾಯಿತು. ಆಮೇಲೆ ಸಿಂಕಿನ ಬಳಿ ಹೋಗಿ, ಕನ್ನಡಿಯ ಕಡೆ ತಲೆಯೆತ್ತದೆ ಕೈಮುಗಿದಳು.

ದೇವರೇ, ಸುಳ್ಳು ಬರೆದ ಕೈ ನನ್ನದು, ಶಿಕ್ಷೆ ನನಗಿರಲಿ. ನಿನ್ನ ಬಾಗಿಲಲ್ಲಿ ಅವರನ್ನು ಕಾಯಿಸಬೇಡ, ಇನ್ನೊಂದು ದಿನ ಬಾ ಎನ್ನಬೇಡ. ಆ ಜೀವಕ್ಕೆ ಶಾಂತಿ ಕೊಡು.