ಮುರ್ತಿನಿಯ ಕಳಂಕವಿಲ್ಲದ ರಕ್ತ

"ನಮ್ಮ ಮನೆತನದಲ್ಲಿ ಮೂರು ತಲೆಮಾರಿಂದ ಯಾರಿಗೂ ಇಂಥ ಕಾಯಿಲೆ ಬಂದಿಲ್ಲ. ಈ ಕೆಟ್ಟ ರಕ್ತ ಬಂದಿರೋದು ಇವಳ ಕಡೆಯಿಂದ. ಬರ್ಕೊ ತಾಯಿ, ಚೆನ್ನಾಗಿ ಬರ್ಕೊ."

ಸೊಸೆ ಪಲುಪಿ ಚಹಾ ತಂದಿಡುವಾಗಲೇ ಮುರ್ತಿನಿ ಈ ಮಾತಾಡಿದಳು. ಪಲುಪಿಯ ಕೈಯಲ್ಲಿದ್ದ ಚಹಾ ತಟ್ಟೆಗೆ ಚೆಲ್ಲಿತು. ಎದುರಿಗೆ ಕೂತಿದ್ದ ವೆನಿಂಗ್ ಬರೆಯುವುದನ್ನು ನಿಲ್ಲಿಸಿದಳು. ಅವಳು ಸೆಮಾರಾಂಗ್ ವಿಶ್ವವಿದ್ಯಾಲಯದ ವೈದ್ಯಕೀಯ ಸಂಶೋಧನೆಯಲ್ಲಿ ಸಲಹೆಗಾರ್ತಿ. ವಂಶದಲ್ಲಿ ಹರಿದು ಬರುವ ಕಾಯಿಲೆಗಳ ಜಾಡು ಹಿಡಿದು ಮನೆಮಂದಿಗೆ ತಿಳಿಹೇಳುವುದು ಅವಳ ಕೆಲಸ. ಪಲುಪಿಯ ಐದು ವರ್ಷದ ಮಗಳು ಗಾನಿಸ್‌ಗೆ ಥಲಸೇಮಿಯಾ ಎಂಬ ರಕ್ತದ ಕಾಯಿಲೆ. ತಿಂಗಳು ತಿಂಗಳೂ ರಕ್ತ ಹಾಕಿಸದಿದ್ದರೆ ಆ ಮಗು ಬಾಡಿಹೋಗುತ್ತಿತ್ತು. ತಂದೆ ತಾಯಿ ಇಬ್ಬರ ರಕ್ತದಲ್ಲೂ ದೋಷ ಅಡಗಿದ್ದರೆ ಮಾತ್ರ ಮಗುವಿಗೆ ಹೀಗಾಗುವುದು ಎಂದು ವೆನಿಂಗ್ ಎಷ್ಟು ಸಲ ಹೇಳಿದ್ದಳೋ. ಆದರೆ ಅತ್ತೆಯ ತಲೆಯಲ್ಲಿ ಒಮ್ಮೆ ಕೂತದ್ದನ್ನು ಯಾವ ವಿಶ್ವವಿದ್ಯಾಲಯ ತಾನೇ ಎಬ್ಬಿಸೀತು?

"ಇಬು, ಸಾಕು..." ಎಂದ ಮಗ ದಾನಂಗ್. ತಾಯಿಯ ಎದುರು ಅವನ ದನಿ ಎಂದೂ ಅಷ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ.

"ನೀನು ಸುಮ್ನಿರು. ನನ್ನ ರಕ್ತಾನೂ ತಗೊಳ್ಳಲಿ, ನಿಮ್ಮಪ್ಪಂದೂ ತಗೊಳ್ಳಲಿ. ನಮ್ಮಿಬ್ಬರಲ್ಲಿ ಏನೂ ಇಲ್ಲ ಅಂತ ಬಂದ್ರೆ, ಲೆಬರಾನ್ ಹಬ್ಬದೊಳಗೆ ಇವಳು ತೌರಿಗೆ ಹೊರಡಬೇಕು. ನಿನಗೆ ಬೇರೆ ಹೆಣ್ಣು ನೋಡ್ತೀನಿ."

ಪಲುಪಿ ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದಲ್ಲಿ ಮುಖ ಮರೆಸಿಕೊಂಡು ಒಳಗೆ ಹೋದಳು. ವೆನಿಂಗ್‌ಗೆ ಒಳಗೊಳಗೇ ಸಣ್ಣ ಸಮಾಧಾನ. ಹಿರಿಯರಿಬ್ಬರಲ್ಲಿ ಒಬ್ಬರಲ್ಲಾದರೂ ದೋಷ ಸಿಕ್ಕೇ ಸಿಗುತ್ತದೆ, ಈ ಹೆಂಗಸಿನ ಬಾಯಿ ತಾನಾಗಿ ಮುಚ್ಚುತ್ತದೆ ಎಂದುಕೊಂಡಳು. ಕೈಯಲ್ಲಿದ್ದ ಹಾಳೆಯಲ್ಲಿ 'ಹೊಟ್ಟೆಯಲ್ಲಿ ಹುಟ್ಟಿದ ಮಗನೇ, ಸಾಕಿದ ಮಗನೇ' ಎಂಬ ಪ್ರಶ್ನೆಯೂ ಇತ್ತು. ಹಿರಿಯಳ ಮುಖಕ್ಕೆ ಹಾಗೆ ಕೇಳುವುದುಂಟೇ? ಜಾವಾದ ಮಗಳಾದ ವೆನಿಂಗ್‌ಗೆ ನಾಲಿಗೆ ಏಳಲಿಲ್ಲ. ಕೇಳದೆಯೇ ಹಾಳೆಯ ವಂಶವೃಕ್ಷದಲ್ಲಿ ಮುರ್ತಿನಿಯಿಂದ ದಾನಂಗ್‌ಗೆ ನೇರವಾಗಿ ಗೆರೆ ಎಳೆದುಬಿಟ್ಟಳು.

ಮೂರು ವಾರದ ಮೇಲೆ ಫಲಿತಾಂಶ ಬಂತು. ಒಬ್ಬೊಬ್ಬರನ್ನೇ ಕರೆದು, ಬಾಗಿಲು ಮುಚ್ಚಿ ಹೇಳುವುದು ಅಲ್ಲಿಯ ಪದ್ಧತಿ. ದಾನಂಗ್ ತನ್ನದನ್ನು ಕೇಳಿ, "ಇಬುಗೂ ನೀವೇ ಹೇಳಿಬಿಡಿ, ನಾನು ಹೇಳಿದ್ರೆ ನಂಬಲ್ಲ" ಎಂದು ಎದ್ದುಹೋದ. ಆಮೇಲೆ ಮುರ್ತಿನಿ ಹೊಸ ಕೆಬಾಯಾ ರವಿಕೆ ತೊಟ್ಟು, ಸಿಹಿಯ ಡಬ್ಬಿ ಹಿಡಿದು, ಗೆದ್ದವಳ ಠೀವಿಯಲ್ಲಿ ಬಂದು ಕೂತಳು.

"ಇಬು, ನಿಮ್ಮ ರಕ್ತದಲ್ಲಿ ದೋಷ ಇಲ್ಲ. ನಿಮ್ಮ ಯಜಮಾನರೂ ತಮ್ಮದನ್ನ ನಿಮಗೆ ಹೇಳಬಹುದು ಅಂದಿದಾರೆ. ಅವರಲ್ಲೂ ಇಲ್ಲ."

"ನಾನು ಹೇಳ್ಲಿಲ್ವಾ?" ಮುರ್ತಿನಿ ನಕ್ಕಳು.

"ಆದ್ರೆ ದಾನಂಗ್ ರಕ್ತದಲ್ಲಿ ಇದೆ." ವೆನಿಂಗ್ ದನಿ ತಗ್ಗಿಸಿದಳು. "ಅದು ಹೆತ್ತವರಿಂದಲೇ ಬರಬೇಕು ಇಬು."

ಮುರ್ತಿನಿ ದಡ್ಡಿಯಲ್ಲ. ಮುಖದ ನಗು ಮೆಲ್ಲಗೆ ಇಳಿಯಿತು. ಯಂತ್ರ ಕೆಟ್ಟಿರಬಹುದು ಎಂದಳು. ಎರಡು ಸಲ ನೋಡಿದ್ದೇವೆ ಎಂದಳು ವೆನಿಂಗ್. ಮುರ್ತಿನಿ ಎದ್ದು, ಮುಚ್ಚಿದ್ದ ಬಾಗಿಲನ್ನೇ ಮತ್ತೊಮ್ಮೆ ಒತ್ತಿ ನೋಡಿ ಬಂದಳು.

"ಅವನಿಗೆ ಗೊತ್ತಾಯ್ತಾ?"

"ಇಲ್ಲ. ನನ್ನ ಬಾಯಿಂದ ಗೊತ್ತಾಗೋದೂ ಇಲ್ಲ."

"ಮದುವೆಯಾಗಿ ಏಳು ವರ್ಷ ನಂಗೆ ಮಕ್ಕಳಾಗ್ಲಿಲ್ಲ ತಾಯಿ. ಮನೇಲಿ ಒಂದು ಕೂಸು ತಂದಿಟ್ಕೊಂಡ್ರೆ ಅದರ ಹಿಂದೇನೇ ಹೊಟ್ಟೇಲೂ ಒಂದು ಬರುತ್ತೆ ಅಂತ ನಮ್ಮತ್ತೆ ನನ್ನ ತಂಗಿ ತುಮಿನಿಯ ನಾಲ್ಕನೇ ಮಗೂನ ಎತ್ಕೊಂಡು ಬಂದ್ರು. ನಲವತ್ತು ದಿನದ ಕೂಸು. ಅದರ ಹಿಂದೆ ಇನ್ನೊಂದು ಬರ್ಲೇ ಇಲ್ಲ. ಸಾಯೋವರೆಗೂ ಅತ್ತೆ ನನ್ನ ಬಂಜೆ ಅಂತಲೇ ಕರೆದ್ರು... ನನ್ನ ಹೆಸರೇ ಮರೆತುಹೋಗಿತ್ತೇನೋ ಅವರಿಗೆ."

ವೆನಿಂಗ್ ಕಣ್ಣಲ್ಲಿ ನೀರಾಡಿತು. ಅಂದು ಆ ಒಂದು ಪ್ರಶ್ನೆ ಕೇಳಿದ್ದರೆ ಈ ಹೆಂಗಸು ಹೀಗೆ ಸಿಕ್ಕಿಬೀಳುತ್ತಿರಲಿಲ್ಲ ಎಂಬ ಸಂಕಟ ಒಂದು ಕಡೆ, ಸೊಸೆಯ ಗೋಳು ನೆನೆದು ಸಿಟ್ಟು ಇನ್ನೊಂದು ಕಡೆ. "ಅಷ್ಟೆಲ್ಲ ಅನುಭವಿಸಿಯೂ ಪಲುಪಿಗೆ ಅದನ್ನೇ ಮಾಡಿದ್ರಲ್ಲ ಇಬು" ಎಂದಳು.

ಮುರ್ತಿನಿ ಸಿಹಿಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, "ನನ್ನಲ್ಲಿ ಇದೆ ಅಂತ ಬರೆದುಬಿಡು" ಎಂದಳು.

"ಸುಳ್ಳು ಬರೆಯೋಕಾಗಲ್ಲ. ನಿಮ್ಮ ತಂಗಿಯ ಉಳಿದ ಮಕ್ಕಳನ್ನೂ ಪರೀಕ್ಷೆ ಮಾಡಬೇಕು. ಅವರಿಗೂ ನಾಳೆ ಮಕ್ಕಳಾಗುತ್ತವೆ."

"ಕಳಿಸ್ತೀನಿ. ನಮ್ಮ ವಂಶದಲ್ಲಿ ಇದೆ ಅಂತ ನಾನೇ ಹೇಳಿ ಕಳಿಸ್ತೀನಿ. ನೀನು ಬರೀಬೇಡ. ಬಾಯಿ ಬಿಡದಿದ್ರೆ ಸಾಕು."

ಹೊರಗೆ ಬೆಂಚಿನ ಮೇಲೆ ಗಾನಿಸ್ ಅಪ್ಪನ ತೊಡೆಗೊರಗಿ ಮಲಗಿದ್ದಳು. ಅತ್ತೆಯನ್ನು ಕಂಡು ಪಲುಪಿ ಎದ್ದು ನಿಂತಳು. ಇಂದೇ ಹೊರಡು ಎನ್ನುತ್ತಾರೆ, ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂಬ ಭಯಕ್ಕೆ ಅವಳ ತುಟಿ ಒಣಗಿತ್ತು.

"ದಾನಂಗ್... ಅದು ನಿನಗೆ ನನ್ನಿಂದಲೇ ಬಂದಿರೋದಪ್ಪ. ನನ್ನ ರಕ್ತ. ನನಗೆ ಮೊದಲೇ ಗೊತ್ತಿತ್ತು. ಪಲುಪಿ ಎಲ್ಲಿಗೂ ಹೋಗಬೇಕಿಲ್ಲ."

ಪಲುಪಿ ಗೋಡೆ ಹಿಡಿದು ಬಿಕ್ಕಿದಳು. ದಾನಂಗ್ ಮಗಳನ್ನು ಹೆಗಲಿಗೆ ಹಾಕಿಕೊಂಡು ಎದ್ದ. ಹುಟ್ಟಿದಾಗಿನಿಂದ ತಾಯಿಯ ಮುಂದೆ ಏರದ ದನಿ ಅಂದು ಏರಿತು.

"ಗೊತ್ತಿದ್ದೂ ಐದು ವರ್ಷ ಇವಳನ್ನ ಅಳಿಸಿದ್ರಾ? ಥೂ... ನಿಮ್ಮ ಹೊಟ್ಟೇಲಿ ಯಾಕಾದ್ರೂ ಹುಟ್ಟಿದ್ನೋ."

ಅವನು ಹೆಂಡತಿಯ ಕೈ ಹಿಡಿದು ಮೆಟ್ಟಿಲಿಳಿದು ಹೋದ. ಪಲುಪಿ ಎರಡು ಸಲ ಹಿಂತಿರುಗಿ ನೋಡಿದಳು, ಅವನು ನೋಡಲಿಲ್ಲ. ತಡೆಯಲಾರದೆ ವೆನಿಂಗ್ ಒಂದು ಹೆಜ್ಜೆ ಮುಂದಿಟ್ಟಳು. ಮುರ್ತಿನಿ ಅವಳ ತೋಳು ಹಿಡಿದುಕೊಂಡಳು. ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ಒರೆಸಿಕೊಳ್ಳಲಿಲ್ಲ.

"ಬೈಲಿ ಬಿಡು ತಾಯಿ. ನನ್ನ ಹೊಟ್ಟೇಲಿ ಹುಟ್ಟಿದೀನಿ ಅಂತ ತಾನೇ ಬೈದಿದ್ದು" ಎಂದಳು.