ಮೂರಡಿ ಜಾಗದ ಆಣೆ

ಜೀಪಿನ ಬಂಪರು ನನ್ನ ಸ್ಕೂಟರಿನ ಹಿಂಬದಿಗೆ ಬಡಿಯಿತು.

ಒಂದು ಸಲ... ಮತ್ತೊಂದು ಸಲ.

ಮೂರನೆಯ ಸಲಕ್ಕೆ ನಾನು ಮಣ್ಣಿನ ಗುಡ್ಡೆಯ ಮೇಲಿದ್ದೆ. ರಾಣೆಬೆನ್ನೂರು ದಾಟಿದ ಮೇಲೆ ಹೆದ್ದಾರಿ ಅಗಲ ಮಾಡುವವರು ಅಗೆದು ಹಾಕಿದ್ದ ಮಣ್ಣು. ಆ ಕಂಟ್ರಾಕ್ಟರನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಜಲ್ಲಿ ಹಾಕಿಸಿದ್ದರೆ ಈ ಕತೆ ಹೇಳಲು ನಾನಿರುತ್ತಿರಲಿಲ್ಲ.

ಜೀಪಿನಿಂದ ಇಳಿದವನು ದುರುಗೇಶ. ಕುಮಾರಪಟ್ಟಣದ ಕಡೆಯವನು. ಕೂಲಿಗೆ ಕೈಕಾಲು ಮುರಿಯುವುದು ಅವನ ಉದ್ಯೋಗ.

ನನ್ನ ಉದ್ಯೋಗ? ಕಚೇರಿಗಳಲ್ಲಿ ಮಲಗಿದ ಫೈಲುಗಳನ್ನು ಎಬ್ಬಿಸುವುದು. ಹೆಸರು ಪರಮೇಶಪ್ಪ. ಅರವತ್ತು ದಾಟಿದೆ. ನನ್ನಾಕೆ ತೀರಿಕೊಂಡ ಮೇಲೆ ಹೆದರಿಕೆ ಕಡಿಮೆಯಾಗಿದೆ. ಹೆದರಿ ಯಾರಿಗಾಗಿ ಉಳಿಯಬೇಕು?

“ಬ್ಯಾಡಗಿಗೆ ಹೋಗಬ್ಯಾಡ ಅಂತ ಹೇಳಿ ಕಳಿಸಿದ್ವಲ್ಲ, ಕಾಕಾ.” ದುರುಗೇಶನ ಕೈಯಲ್ಲಿ ಕಬ್ಬಿಣದ ರಾಡು.

“ಹೇಳಿದ್ರಿ. ನನಗ ಕಿವಿ ಸ್ವಲ್ಪ ಮಂದ.”

ರಾಡು ನನ್ನ ಮೊಣಕಾಲಿಗೆ ಬಿತ್ತು. ಕಿವಿ ಚುರುಕಾಯಿತು.

ವಿಷಯ ಇಷ್ಟೇ. ಬ್ಯಾಡಗಿಯ ಚೌಡವ್ವನ ಮಗ ಯಲ್ಲೇಶ ಮೆಣಸಿನಕಾಯಿ ಲಾರಿಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಅಂದಿನಿಂದ ಪಡಸಾಲೆಯಲ್ಲೇ ಅವನ ಮಂಚ. ಓಣಿಯಲ್ಲಿ ಹೋಗಿಬರುವವರ ಕಣ್ಣೆದುರಿಗೇ ತಾಯಿ ಬೆಳೆದ ಮಗನ ಮೈ ತೊಳೆಯಬೇಕು. ಆ ಹೊತ್ತಿನಲ್ಲಿ ಅವನು ಮುಖವನ್ನು ಗೋಡೆಗೆ ತಿರುಗಿಸಿಕೊಳ್ಳುತ್ತಾನೆ.

ಮನೆಯ ಮಗ್ಗುಲಿಗೆ ಒಂದು ಕೋಣೆ, ಒಂದು ಬಚ್ಚಲು. ಅಷ್ಟಾದರೆ ಅವನ ಮಾನ ಉಳಿಯುತ್ತದೆ. ಆದರೆ ಪಕ್ಕದ ಮನೆಯ ಕಡೆಗೆ ಮೂರಡಿ ಖಾಲಿ ಬಿಡಬೇಕೆಂದು ಕಾನೂನು. ಮೂರಡಿ ಬಿಟ್ಟರೆ ಕೋಣೆಯೇ ಇಲ್ಲ. ನಿಯಮ ಸಡಿಲಿಸಬೇಕೆಂದು ಹಾವೇರಿಯಲ್ಲಿ ಅರ್ಜಿ ಹಾಕಿಸಿದ್ದೆ. ಪಕ್ಕದವರ ತಕರಾರು ಇರದಿದ್ದರೆ ಆಗಲಿ ಎಂದಿದ್ದರು ಸಾಹೇಬರು. ಸ್ಥಳ ನೋಡಲು ಅವತ್ತು ಮಧ್ಯಾಹ್ನ ಇಂಜಿನಿಯರು ಬರುವವರಿದ್ದರು.

ಪಕ್ಕದವನು ಮೈಲಾರೆಪ್ಪ. ಮೆಣಸಿನಕಾಯಿ ದಲಾಲ. ಆ ಮೂರಡಿಯಲ್ಲಿ ಅಪ್ಪನ ಕಾಲದಿಂದ ತನಗೆ ಹಾದಿ ಇದೆ ಎಂದು ಸುಳ್ಳು ತಕರಾರು ಎತ್ತಿದ್ದ. ಕೋಣೆ ಆಗದಿದ್ದರೆ ಚೌಡವ್ವ ಬೇಸತ್ತು ಮನೆ ಮಾರುತ್ತಾಳೆ, ಅಲ್ಲಿ ತನ್ನ ಗೋದಾಮು ಏಳುತ್ತದೆ ಎಂಬುದು ಅವನ ಹಂಚಿಕೆ. ಚೌಡವ್ವನ ಪರವಾಗಿ ಬಾಯಿ ತೆರೆಯುವವನು ನಾನೊಬ್ಬ.

ಅದಕ್ಕೇ ಈ ಜೀಪು.

“ಕಾಗದ ಎಲ್ಲಿ ಅದಾವ?” ದುರುಗೇಶ ನನ್ನ ಸೊಂಟದ ಚೀಲ ಕಿತ್ತುಕೊಂಡು ತಲೆಕೆಳಗು ಮಾಡಿದ.

ಕಾಗದ ಬೀಳಲಿಲ್ಲ. ಹಳದಿ ಪುಡಿ ಗಾಳಿಗೆ ಹಾರಿತು.

ಭಂಡಾರ. ಮೈಲಾರಲಿಂಗನ ಗುಡಿಯ ಅರಿಸಿನ. ನನ್ನಾಕೆ ಕೊನೆಯ ಸಲ ಮೈಲಾರಕ್ಕೆ ಹೋದಾಗ ಸೆರಗಿನಲ್ಲಿ ಕಟ್ಟಿಕೊಂಡು ತಂದದ್ದು.

ದುರುಗೇಶನ ಮುಖ ಕಪ್ಪಿಟ್ಟಿತು. ರಾಡು ಕೈಯಿಂದ ಜಾರಿತು. ಮಣ್ಣಿನಲ್ಲಿ ಬೆರೆತಿದ್ದ ಹಳದಿಯನ್ನು ಬೆರಳಿನಿಂದ ಎತ್ತಿ ಹಣೆಗೆ ಹಚ್ಚಿಕೊಂಡ.

“ಮೊದಲ ಹೇಳಬಾರದಾ, ಕಾಕಾ... ದೇವರ ಭಂಡಾರ ನನ್ನ ಕೈಲೆ ನೆಲಕ್ಕ ಚೆಲ್ಲಿಸಿದಿ.”

ಅವನು ಕಣ್ಣು ಮುಚ್ಚಿ ಕೈ ಮುಗಿದ. ನಾನೂ ಮುಗಿಯಬೇಕಿತ್ತು. ಮುಗಿಯಲಿಲ್ಲ. ಖಾಲಿ ಚೀಲ ಎತ್ತಿಕೊಂಡೆ, ಸ್ಕೂಟರಿಗೆ ಕಿಕ್ ಹೊಡೆದೆ.

ಮೋಟೆಬೆನ್ನೂರಿನ ತಿರುವಿನಲ್ಲಿ ಜೀಪು ಮತ್ತೆ ಬೆನ್ನಿಗೆ ಬಿತ್ತು. ಭಕ್ತಿ ಬೇರೆ, ಕೂಲಿ ಬೇರೆ. ಆದರೆ ಅವತ್ತು ಬ್ಯಾಡಗಿ ಪೇಟೆಯ ದಿನ. ಮೆಣಸಿನಕಾಯಿ ಲಾರಿಗಳು ಊರ ಹೊರಗಿನ ತನಕ ಸಾಲುಗಟ್ಟಿದ್ದವು. ಎರಡು ಲಾರಿಗಳ ಸಂದಿಯಲ್ಲಿ ಸ್ಕೂಟರು ತೂರಿತು. ಜೀಪು ತೂರಲಿಲ್ಲ.

ಪೇಟೆಯಲ್ಲಿ ಸ್ವಲ್ಪ ಹೊತ್ತು ನಿಂತೆ. ಒಂದು ಸಣ್ಣ ಕೆಲಸವಿತ್ತು. ಆಮೇಲೆ ನೇರವಾಗಿ ಚೌಡವ್ವನ ಓಣಿಗೆ.

ಅಲ್ಲಿ ಮೈಲಾರೆಪ್ಪ ಇಂಜಿನಿಯರಿಗೆ ತನ್ನ ಹಾದಿಯ ಇತಿಹಾಸ ಹೇಳುತ್ತಿದ್ದ. ಅಪ್ಪ ಇಲ್ಲೇ ನಡೆದ, ಅಜ್ಜ ಇಲ್ಲೇ ನಡೆದ... ನನ್ನನ್ನು ಕಂಡು ಅಜ್ಜನನ್ನು ಅಲ್ಲೇ ನಿಲ್ಲಿಸಿದ.

ಕುಂಟುತ್ತ ಹೋಗಿ ಚೀಲವನ್ನು ಕಟ್ಟೆಯ ಮೇಲಿಟ್ಟು ಬಾಯಿ ಬಿಚ್ಚಿದೆ. ಹಳದಿ ಪುಡಿ ಬಿಸಿಲಿಗೆ ಹೊಳೆಯಿತು.

“ಸಾವಕಾರ್ರ, ನಿಮ್ಮ ಹೆಸರಿನ ದೇವರು. ಭಂಡಾರ ಮುಟ್ಟಿ ಹೇಳ್ರಿ, ಹಾದಿ ಐತಿ ಅಂತ. ನಾ ಈಗಿಂದೀಗ ಹೊಳ್ಳಿ ಹೋಗ್ತೇನಿ.”

ಇದು ಸರಕಾರದ ನಿಯಮದಲ್ಲಿಲ್ಲ ಎಂದರು ಇಂಜಿನಿಯರು. ಇವರ ನಿಯಮದಲ್ಲಿದೆ ಎಂದೆ.

ಓಣಿಯ ಜನ ಕೂಡಿತು. ಮೈಲಾರೆಪ್ಪ ಕೋರ್ಟಿನಲ್ಲಿ ಸುಳ್ಳು ಹೇಳಿದವನು, ಕಚೇರಿಯಲ್ಲಿ ಹೇಳಿದವನು. ಕೈ ಚಾಚಿದ. ಕೈ ಬಂತು... ಬಂತು... ಚೀಲದಿಂದ ಗೇಣು ದೂರದಲ್ಲಿ ನಿಂತಿತು. ಬ್ಯಾಡಗಿ ಕಾಯಿಯ ಗುಣವೇ ಅದು, ಬಣ್ಣ ಹೆಚ್ಚು, ಖಾರ ಕಡಿಮೆ.

“ಮುಟ್ಟಬ್ಯಾಡ್ರಿ, ಸಾವಕಾರ್ರ.”

ಹಿಂದಿನಿಂದ ಬಂದ ದನಿ. ದುರುಗೇಶ. ಹಣೆಯ ಮೇಲೆ ಹಳದಿ ಹಾಗೇ ಇತ್ತು. ಕೈಯಲ್ಲಿ ರಾಡು ಇರಲಿಲ್ಲ.

ಮೈಲಾರೆಪ್ಪ ಕೈ ಹಿಂದಕ್ಕೆಳೆದುಕೊಂಡ. “ಹಾದಿ ಇಲ್ರಿ, ಸಾಹೇಬ್ರ. ನಂದೇನೂ ತಕರಾರಿಲ್ಲ.”

ಇಂಜಿನಿಯರು ಹಾಗೆಯೇ ಬರೆದುಕೊಂಡರು. ಮೈಲಾರೆಪ್ಪ ಅದಕ್ಕೆ ಸಹಿ ಹಾಕಿದ.

ಓಣಿ ಬರಿದಾದ ಮೇಲೆ ಚೀಲವನ್ನು ಚೌಡವ್ವನ ಕೈಗೆ ಕೊಟ್ಟೆ. ಕಣ್ಣಿಗೊತ್ತಿಕೊಳ್ಳಲು ಹೋದಳು.

“ಬ್ಯಾಡ, ತಂಗೀ. ಸಾರಿಗೆ ಹಾಕು. ಫಕ್ಕೀರಸಾಬನ ಕಿರಾಣಿ ಅಂಗಡಿದು. ಖರೇ ಭಂಡಾರ ಹೆದ್ದಾರಿ ಮಣ್ಣಿನ್ಯಾಗ ಐತಿ. ತಾ ಕಣ್ಣು ಮುಚ್ಚಿದಾಗ ನಾ ಬಳಕೊಂಡೆ ಅಂತ ದುರುಗೇಶ ತಿಳದಾನ.”

ಅವಳು ಚೀಲ ಮೂಸಿ ನೋಡಿದಳು. ಮಂಚದ ಮೇಲೆ ಯಲ್ಲೇಶ ಗೋಡೆಯ ಕಡೆಯಿಂದ ಮುಖ ಹೊರಳಿಸಿ ನಕ್ಕ.

ಆ ಅರಿಸಿನದ ಸಾರನ್ನೇ ಉಂಡು ಎದ್ದೆ. ದೇವರ ಹೆಸರಿನಲ್ಲಿ ಮೋಸ ಮಾಡಿದ್ದೇನೆ. ಆ ಫೈಲು ಮೇಲೆ ತೆರೆದೇ ಇರುತ್ತದೆ, ನನಗೆ ಗೊತ್ತು.

ಇರಲಿ. ನನ್ನಾಕೆ ಈಗ ಅಲ್ಲೇ ಇದ್ದಾಳೆ... ನಿಯಮ ಒಂದಿಷ್ಟು ಸಡಿಲ ಮಾಡಿಸಿ ಇಟ್ಟಿರುತ್ತಾಳೆ.