ಎಡ ಹೆಗಲಿನ ಗೀರು

ಆ ಸುದ್ದಿ ಬಂದಾಗ ಅವಳ ಎರಡೂ ಕೈಗಳು ಮೊಣಕೈವರೆಗೆ ಬೆಳ್ಳಗಿದ್ದವು.

ಬೆನ್ನುಮೂಳೆ ಮುರಿದವರಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಕವಚ ಮಾಡಿಕೊಡುವ ಕಾರ್ಯಾಗಾರ ಅದು. ರೋಗಿಯ ಮೈಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆಯಬೇಕು. ಆ ಅಚ್ಚಿನೊಳಗೆ ಮತ್ತೆ ಪ್ಲಾಸ್ಟರ್ ಸುರಿದು ಅವರದೇ ಮುಂಡದ ಗೊಂಬೆ ಮಾಡಿ, ಅದರ ಮೇಲೆ ಕವಚ ಕೂರಿಸಬೇಕು. ಅವಳು ಆ ಕೆಲಸದಲ್ಲಿ ಪಳಗಿದವಳು.

ಅಲ್ಲಿನ ಯಜಮಾನರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವರು ಫೋನನ್ನು ಎದೆಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಕೈ ತೊಳ್ಕೋ ಮಗಳೇ."

ಪ್ಲಾಸ್ಟರ್ ಕಲಸಿಟ್ಟ ಮೇಲೆ ಭೂಮಿ ಬಾಯಿಬಿಟ್ಟರೂ ಕೆಲಸ ನಿಲ್ಲಿಸಬಾರದು ಎನ್ನುತ್ತಿದ್ದವರು ಅವರು.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಣ್ಣ ಇರಲಿಲ್ಲ. ಕಾರು ರಸ್ತೆ ಬಿಟ್ಟು ಹಳ್ಳಕ್ಕೆ ಉರುಳಿತ್ತಂತೆ. ದಾರಿಹೋಕರು ಇಬ್ಬರನ್ನೂ ಹೊರಗೆಳೆದರಂತೆ. ಒಬ್ಬನಿಗೆ ಉಸಿರಿತ್ತು, ಇನ್ನೊಬ್ಬನಿಗೆ ಇರಲಿಲ್ಲ.

ಉಸಿರಿದ್ದವನನ್ನು ಗಾಲಿಮಂಚದ ಮೇಲೆ ತಳ್ಳಿಕೊಂಡು ಬರುತ್ತಿದ್ದರು. ಅಣ್ಣನ ಜೊತೆ ಲಿಫ್ಟ್ ರಿಪೇರಿ ಮಾಡುತ್ತಿದ್ದ ಗೆಳೆಯ. ಮಾತು ಕಮ್ಮಿ ಎಂದು ಅಣ್ಣ ಅವನಿಗೆ 'ಮೌನಿ' ಎಂದು ಹೆಸರಿಟ್ಟಿದ್ದ. ಮನೆಗೆ ಊಟಕ್ಕೆ ಬಂದರೆ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಆ ಬಗ್ಗಿದ ತಲೆಯನ್ನೇ ಅವಳು ಎಷ್ಟೋ ದಿನ ಕದ್ದು ನೋಡಿದ್ದಳು. ಅದು ಅವಳಿಗೂ ದೇವರಿಗೂ ಮಾತ್ರ ಗೊತ್ತಿದ್ದ ವಿಷಯ.

ಕುತ್ತಿಗೆ ಅಲುಗದಂತೆ ಕಟ್ಟಿದ್ದರು. ಅವನು ಸೂರಿನ ಕಡೆಗೆ ನೋಡುತ್ತಲೇ ಹೇಳಿದ.

"ನಾನೇ ಓಡಿಸ್ತಿದ್ದೆ."

ಅಷ್ಟೇ. ಮಂಚ ಮುಂದಕ್ಕೆ ಹೋಯಿತು.

ಅವಳು ಗೋಡೆ ಹಿಡಿದು ನಿಂತಳು. 'ಸದ್ಯ, ಇವನಾದರೂ ಬದುಕಿದನಲ್ಲ' ಎಂದು ಮನಸ್ಸು ಒಂದು ಗಳಿಗೆ ಹಗುರಾಗಿತ್ತು. ಆ ಗಳಿಗೆಯನ್ನು ನೆನೆದು ಮರುಗಳಿಗೆಯೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಅಣ್ಣನನ್ನು ಕೊಂದವನು ಅಲ್ಲವೇ ಇವನು? ಹಾಗಾದರೆ ಈ ಕಣ್ಣೀರು ಯಾರಿಗೆ?

*

ಅಮ್ಮ ಅವನ ಹೆಸರೆತ್ತಲಿಲ್ಲ. ಬಂದವರ ಮುಂದೆಲ್ಲ ಒಂದೇ ಮಾತು ಹೇಳಿಕೊಂಡು ಅಳುತ್ತಿದ್ದಳು. ಮಗ ಕೊಟ್ಟ ಮಾತು ಉಳಿಸಿಕೊಂಡೇ ಹೋದ ಎಂಬುದು ಆ ಮಾತು.

ಅಣ್ಣನಿಗೆ ಚಿಕ್ಕಂದಿನಿಂದ ಮೂರ್ಛೆ ಬರುತ್ತಿತ್ತು. ಮಾತ್ರೆಯಿಂದ ಹಿಡಿತದಲ್ಲಿತ್ತು, ಆದರೂ ವಾಹನ ಓಡಿಸಕೂಡದೆಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ಸ್ಟೇರಿಂಗ್ ಮುಟ್ಟುವುದಿಲ್ಲವೆಂದು ಅವನು ಅಮ್ಮನ ಕೈಮುಟ್ಟಿ ಮಾತು ಕೊಟ್ಟಿದ್ದ. ಅಷ್ಟಕ್ಕೇ ಬಿಡದೆ, ಮುಟ್ಟಲು ಬಿಡುವುದಿಲ್ಲವೆಂದು ಅಮ್ಮ ಮೌನಿಯಿಂದಲೂ ಮಾತು ತೆಗೆದುಕೊಂಡಿದ್ದಳು.

ಎರಡನೆಯ ವಾರ ಆಸ್ಪತ್ರೆಯಿಂದ ಕಾರ್ಯಾಗಾರಕ್ಕೆ ಕರೆ ಬಂತು. ಅವನ ಸೊಂಟದ ಮೇಲಿನ ಮೂಳೆ ಮುರಿದಿದೆ, ನರಕ್ಕೆ ಪೆಟ್ಟಾಗಿಲ್ಲ, ಶಸ್ತ್ರಚಿಕಿತ್ಸೆ ಬೇಡ, ಕವಚ ಸಾಕು. ಮೇಷ್ಟ್ರು ತಾವೇ ಹೋಗುತ್ತೇನೆ ಎಂದರು. ಇವಳು ಬೇಡ, ನಾನೇ ಹೋಗುತ್ತೇನೆ ಎಂದಳು. ಯಾಕೆ ಬೇಡವೆಂದಳೋ ಅವಳಿಗೇ ತಿಳಿಯಲಿಲ್ಲ. ಅವನು ನರಳುವುದನ್ನು ನೋಡಬೇಕಿತ್ತೋ, ಅಥವಾ ಬರೀ ಅವನನ್ನೇ ನೋಡಬೇಕಿತ್ತೋ...

ಇಬ್ಬರು ನರ್ಸುಗಳು ಅವನನ್ನು ಮರದ ದಿಮ್ಮಿಯಂತೆ ಒಟ್ಟಿಗೆ ಹೊರಳಿಸಿದರು. ಅವಳು ತೆಳು ಬಟ್ಟೆ ತೊಡಿಸಿ, ನೇರಳೆ ಪೆನ್ಸಿಲಿನಿಂದ ಗುರುತು ಹಾಕಿದಳು. ಎಲ್ಲಿ ಮೂಳೆ ಉಬ್ಬಿದೆಯೋ, ಎಲ್ಲಿ ಗಾಯವಿದೆಯೋ ಅಲ್ಲೆಲ್ಲ ಗೆರೆ ಎಳೆಯುವುದು ಅವರ ಪದ್ಧತಿ. ಆ ಬಣ್ಣ ಪ್ಲಾಸ್ಟರಿಗೆ ಅಂಟಿ, ಕೊನೆಗೆ ಗೊಂಬೆಯ ಮೇಲೂ ಮೂಡುತ್ತದೆ. ಅಲ್ಲಲ್ಲಿ ಕವಚ ಒತ್ತದಂತೆ ಜಾಗ ಬಿಡುತ್ತಾರೆ.

ಅವನ ಎದೆಯ ಮೇಲೆ ಸೀಟ್‌ಬೆಲ್ಟ್ ಒತ್ತಿದ ಅಗಲವಾದ ಬಾಸುಂಡೆ ಇತ್ತು. ಅಂಚು ಹಳದಿಗಟ್ಟುತ್ತಿತ್ತು. ಕೈ ಗೆರೆ ಎಳೆಯಿತು, ಕಣ್ಣು ಬೇರೆಲ್ಲೋ ಇತ್ತು.

"ನೋವಾದ್ರೆ ಹೇಳಿ," ಎಂದಳು ಕೆಲಸದ ದನಿಯಲ್ಲಿ.

"ಆಗ್ತಿಲ್ಲ," ಎಂದ ಅವನು. ಹಣೆಯ ಮೇಲೆ ಬೆವರು ಸಾಲಾಗಿ ಇಳಿಯುತ್ತಿತ್ತು.

*

ಮರುದಿನ ಅಚ್ಚು ಸೀಳಿ ಗೊಂಬೆಯನ್ನು ಹೊರತೆಗೆದಾಗ ನೇರಳೆ ಗೆರೆಗಳು ಬಿಳಿಯ ಎದೆಯ ಮೇಲೆ ಸ್ಪಷ್ಟವಾಗಿ ಎದ್ದಿದ್ದವು. ಎಡ ಹೆಗಲಿನಿಂದ ಬಲ ಸೊಂಟಕ್ಕೆ.

ಗೊಂಬೆ ಉಜ್ಜಲು ಹಿಡಿದಿದ್ದ ಅರವನ್ನು ಅವಳು ಕೆಳಗಿಟ್ಟಳು.

ಚಾಲಕ ಕೂರುವುದು ಬಲಕ್ಕೆ. ಬೆಲ್ಟು ಬರುವುದು ಬಾಗಿಲ ಕಡೆಯಿಂದ. ಹಾಗಾದರೆ ಗೀರು ಬಲ ಹೆಗಲಿನ ಮೇಲಿರಬೇಕಲ್ಲ?

ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಒಮ್ಮೆ ಅವಳು ಎದುರು ಮಲಗಿದವರ ಎಡವನ್ನು ಬಲವೆಂದು ತಿಳಿದು, ಒಂದಿಡೀ ಕವಚವನ್ನು ತಿರುವುಮುರುವು ಮಾಡಿ ಬೈಸಿಕೊಂಡಿದ್ದಳು. ಈಗಲೂ ಹಾಗೇ ಆಯಿತೇ? ಗೆರೆ ಎಳೆಯುವಾಗ ಮನಸ್ಸು ನೆಟ್ಟಗಿರಲಿಲ್ಲ ನಿಜ. ಆದರೆ ಕೈ? ಕೈಯೂ ತಪ್ಪಿತೇ?

ಊಟದ ಹೊತ್ತಿನಲ್ಲಿ ಅವಳು ಅಂಗಳದಲ್ಲಿ ನಿಂತಿದ್ದ ಮೇಷ್ಟ್ರ ಹಳೆಯ ಕಾರಿನಲ್ಲಿ ಕುಳಿತಳು. ಚಾಲಕನ ಸೀಟಿನಲ್ಲಿ ಕುಳಿತು ಬೆಲ್ಟು ಎಳೆದುಕೊಂಡಳು. ಇಳಿದು, ಸುತ್ತು ಹಾಕಿ, ಪಕ್ಕದ ಸೀಟಿನಲ್ಲಿ ಕುಳಿತು ಎಳೆದುಕೊಂಡಳು. ಮತ್ತೆ ಈ ಕಡೆ, ಮತ್ತೆ ಆ ಕಡೆ.

ಮೇಷ್ಟ್ರು ಡಬ್ಬಿ ತೊಳೆಯುತ್ತಾ ನೋಡುತ್ತಿದ್ದರು. "ಏನಮ್ಮಾ, ಕೊಂಡ್ಕೊಳ್ತೀಯಾ? ತಳ್ಳೋಕೆ ನಾಲ್ಕು ಜನ ಬೇಕು, ಮೊದಲೇ ಹೇಳ್ಬಿಡ್ತೀನಿ."

ಅವಳಿಗೆ ನಗು ಬರಲಿಲ್ಲ. ಗೊಂಬೆ ಸುಳ್ಳು ಹೇಳುತ್ತಿದೆಯೋ, ಮನುಷ್ಯ ಸುಳ್ಳು ಹೇಳಿದನೋ? ಮನುಷ್ಯನಾದರೆ, ಯಾಕೆ? ಯಾರಾದರೂ ಮಾಡದ ತಪ್ಪನ್ನು ಹೊತ್ತುಕೊಳ್ಳುತ್ತಾರೆಯೇ? ಪೊಲೀಸರ ಮುಂದೆಯೂ ತಾನೇ ಓಡಿಸಿದೆನೆಂದು ಅವನು ಹೇಳಿಕೆ ಕೊಟ್ಟಿದ್ದ. ಜೈಲೂ ಆಗಬಹುದಿತ್ತು.

*

ಕವಚ ತೊಡಿಸುವ ದಿನ ಅವಳು ಮೊದಲು ನೋಡಿದ್ದು ಅವನ ಮುಖವನ್ನಲ್ಲ, ಹೆಗಲನ್ನು. ಬಾಸುಂಡೆ ಮಾಸಿತ್ತು, ಅಳಿಸಿರಲಿಲ್ಲ. ಎಡ ಹೆಗಲು. ಅವಳ ಕೈ ತಪ್ಪಿರಲಿಲ್ಲ.

ನರ್ಸು ಆಚೆ ಹೋಗುವವರೆಗೆ ಕಾದಳು. ಪಟ್ಟಿಗಳನ್ನು ಒಂದೊಂದಾಗಿ ಬಿಗಿಯುತ್ತಾ ಕೇಳಿದಳು.

"ನೀವು ಯಾವ ಸೀಟಲ್ಲಿ ಕೂತಿದ್ರಿ?"

"ನಾನೇ ಓಡಿಸ್ತಿದ್ದೆ."

"ಅದನ್ನ ಕೇಳಲಿಲ್ಲ. ಯಾವ ಸೀಟಲ್ಲಿ?"

ಅವಳು ಅವನ ಎಡ ಹೆಗಲಿನ ಹಳದಿ ಗೀರಿನ ಮೇಲೆ ಬೆರಳಿಟ್ಟಳು. ಕವಚದೊಳಗೆ ಅವನ ಉಸಿರು ನಿಂತದ್ದು ಬೆರಳಿಗೇ ತಿಳಿಯಿತು.

ಆಗ ಅವನು ಬಾಯಿಬಿಟ್ಟ. ಅಷ್ಟೊಂದು ಮಾತನ್ನು ಅವನು ಎಂದಾದರೂ ಒಟ್ಟಿಗೆ ಆಡಿದ್ದನೋ ಇಲ್ಲವೋ.

ಆ ದಿನ ಕೆಲಸ ಬೇಗ ಮುಗಿದಿತ್ತಂತೆ. ನೇರ ರಸ್ತೆ, ಎದುರಿಗೆ ಒಂದು ವಾಹನವೂ ಇಲ್ಲ. ತಿರುವಿನವರೆಗೆ ಮಾತ್ರ ಕೊಡು ಎಂದು ಅಣ್ಣ ಗೋಗರೆದನಂತೆ. ಇವನು ಆಗುವುದಿಲ್ಲವೆಂದನಂತೆ. ಆಗ ಅಣ್ಣ ನಗುತ್ತಾ ಒಂದು ಒಪ್ಪಂದ ಮುಂದಿಟ್ಟನಂತೆ.

"ಏನು ಒಪ್ಪಂದ?"

ಅವನು ಕಣ್ಣು ಮುಚ್ಚಿಕೊಂಡ. "ಮೌನಿ, ನೀನು ಏಳು ಜನ್ಮ ಎತ್ತಿದ್ರೂ ಪುಟ್ಟಿ ಹತ್ರ ಬಾಯಿ ಬಿಡಲ್ಲ ಕಣೋ. ಸ್ಟೇರಿಂಗ್ ಕೊಡು, ಇವತ್ತೇ ನಿನ್ನ ಪರವಾಗಿ ನಾನು ಮಾತಾಡ್ತೀನಿ ಅಂದ."

ಪುಟ್ಟಿ ಎಂದರೆ ಅವಳೇ; ಅಣ್ಣ ಅವಳನ್ನು ಕರೆಯುತ್ತಿದ್ದ ಹೆಸರು.

"ಕೊಟ್ಬಿಟ್ಟೆ," ಎಂದ ಅವನು. "ಹಾಡು ಗುನುಗ್ತಾ ಓಡಿಸ್ತಿದ್ದ. ಅರ್ಧಕ್ಕೇ ನಿಂತುಹೋಯ್ತು. ನೋಡಿದ್ರೆ ಕೈಯೆಲ್ಲ ಸೆಟೆದಿತ್ತು. ಪಕ್ಕಕ್ಕೆ ಬಗ್ಗಿ ಸ್ಟೇರಿಂಗ್ ಎಳ್ದೆ... ಆಗ್ಲಿಲ್ಲ. ಹಾಗೆ ತಿರುಚಿಕೊಂಡಿದ್ದಾಗಲೇ ಬೆನ್ನು ಮುರೀತು. ಸುಳ್ಳು ಹೇಳ್ಲಿಲ್ಲ ನಾನು. ಕೊಟ್ಟವನು ನಾನು ಅಂದ್ಮೇಲೆ ಓಡಿಸಿದವನೂ ನಾನೇ. ಅಮ್ಮನಿಗೆ ಹೇಳ್ಬೇಡಿ. ಮಗ ಮಾತು ಉಳಿಸಿಕೊಂಡ ಅನ್ನೋದೊಂದೇ ಅವರಿಗೆ ಉಳಿದಿರೋದು."

ಅವಳು ಕೊನೆಯ ಪಟ್ಟಿ ಬಿಗಿದು, ಚೀಲ ಎತ್ತಿಕೊಂಡು ಹೊರಟುಬಂದಳು.

*

ಮುಂದಿನ ದಿನಗಳಲ್ಲಿ ಅವಳು ನಿದ್ದೆಯಲ್ಲಿ ನಡೆಯುವವಳಂತೆ ಇದ್ದಳು. ಬಸ್ಸಿನಲ್ಲಿ ತನ್ನ ನಿಲ್ದಾಣ ದಾಟಿ ಹೋದಳು. ಒಲೆಯ ಮೇಲೆ ಬರಿಯ ಪಾತ್ರೆ ಇಟ್ಟು ಮರೆತಳು.

ಯಾರ ಮೇಲೆ ಸಿಟ್ಟು ಮಾಡಬೇಕು? ಹಠ ಮಾಡಿದ ಅಣ್ಣನ ಮೇಲೆಯೇ? ಆ ಹಠಕ್ಕೆ ಸೋತವನ ಮೇಲೆಯೇ? ಅವನು ಸೋತದ್ದು ಯಾತಕ್ಕಾಗಿ? ನನಗಾಗಿ. ತನ್ನನ್ನು ಒಬ್ಬನು ಅಷ್ಟು ಬಯಸಿದ್ದ ಎಂಬ ಸುಖವೂ, ಆ ಬಯಕೆಗೆ ಬೆಲೆಯಾಗಿ ಅಣ್ಣ ಹೋದ ಎಂಬ ಸಂಕಟವೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು. ಅವುಗಳನ್ನು ಬೇರೆ ಮಾಡಲು ಅವಳಿಗೆ ಬರುತ್ತಿರಲಿಲ್ಲ. ಅವನನ್ನು ಪ್ರೀತಿಸಿದರೆ ಅಣ್ಣನಿಗೆ ದ್ರೋಹವೇ? ಬಿಟ್ಟರೆ? ಅಣ್ಣ ಆಡಬೇಕೆಂದಿದ್ದ ಮಾತಿಗೇ ದ್ರೋಹವಲ್ಲವೇ?

ಒಂದು ಸಂಜೆ ಅಮ್ಮ ಎಂದಿನಂತೆ ಕೈಮುಗಿದು ಕುಳಿತಿದ್ದಳು. ಎಲ್ಲರ ಹೆಸರೂ ಹೇಳಿ ಬೇಡಿಕೊಂಡ ಮೇಲೆ ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಸೇರಿಸಿದಳು.

"ನನ್ನ ಮಗನ್ನ ತೆಗೆದವನಿಗೆ ನೆಮ್ಮದಿ ಕೊಡಬೇಡಪ್ಪಾ."

ಕೇಳಿಸಿಕೊಂಡ ಮಗಳು ಬಾಗಿಲಲ್ಲೇ ನಿಂತಳು. ದೇವರ ಮುಂದೆ ಅಮ್ಮನ ಬಾಯಿಂದ ಸುಳ್ಳು ಶಾಪ ಹೊರಡಿಸುವುದಕ್ಕಿಂತ ದೊಡ್ಡ ತಪ್ಪು ಯಾವುದಿದೆ? ಅಮ್ಮನನ್ನು ಕಾಪಾಡಲೆಂದು ಹೇಳಿದ ಸುಳ್ಳು ಅಮ್ಮನನ್ನೇ ಸುಡುತ್ತಿತ್ತು.

ಮರುದಿನ ಅವಳು ಅವನ ಕೋಣೆಯ ಬಾಗಿಲು ತಟ್ಟಿದಳು. ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಅವನು ಕವಚ ತೊಟ್ಟು ಓಡಾಡುವಷ್ಟು ಸುಧಾರಿಸಿದ್ದ. ಬಂದು ನೀವೇ ಹೇಳಬೇಕು, ನಾನು ಹೇಳಿದರೆ ಅದು ಚಾಡಿಯಾಗುತ್ತದೆ, ನೀವು ಹೇಳಿದರೆ ಸತ್ಯವಾಗುತ್ತದೆ ಎಂದಳು. ಅವನು ಬರುವುದಿಲ್ಲವೆಂದ. ಅವಳು ಹೊಸ್ತಿಲಲ್ಲೇ ನಿಂತಳು. ಕೊನೆಗೆ ಅವನೇ ಅಂಗಿ ಹುಡುಕಿದ.

*

ಬಾಗಿಲಲ್ಲಿ ಅವನನ್ನು ಕಂಡು ಅಮ್ಮ ಮುಖ ತಿರುಗಿಸಿದಳು. ಅವನಿಗೆ ಬಗ್ಗಲಾಗದು, ತಗ್ಗಿನ ಆಸನದಲ್ಲಿ ಕೂರಲಾಗದು. ಕಂಬದಂತೆ ನಿಂತೇ ಎಲ್ಲವನ್ನೂ ಹೇಳಿದ. ಒಪ್ಪಂದದ ಮಾತನ್ನೂ ಬಿಡಲಿಲ್ಲ.

ಅಮ್ಮ ಕೇಳುತ್ತಾ ಕೇಳುತ್ತಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಮುಗಿದ ಮೇಲೆ ಅವಳು ಕೇಳಿದ್ದು ಮಾತು ಮೀರಿದ್ದರ ಬಗ್ಗೆ ಅಲ್ಲ.

"ಅವನಿಗೆ ನೋವಾಯ್ತಾ?"

"ಇಲ್ಲಮ್ಮಾ. ಅವನಿಗೆ ಗೊತ್ತೇ ಆಗ್ಲಿಲ್ಲ. ಹಾಡ್ತಿದ್ದ."

"ಹಾಡ್ತಿದ್ನಾ..."

ಆಗ ಅಮ್ಮ ಅತ್ತಳು. ಇಷ್ಟು ದಿನ ಅತ್ತದ್ದು ಅಳುವೇ ಅಲ್ಲವೆಂಬಂತೆ ಅತ್ತಳು. ಮಗಳು ಹಿಡಿದುಕೊಳ್ಳಲು ಹೋದರೆ ಕೈ ಕೊಡವಿದಳು. ಒಳಗೆ ಹೋದಳು. ಅವನು ಹೊರಡಲು ತಿರುಗಿದ. ಆದರೆ ಅಮ್ಮ ಎತ್ತರದ ಕುರ್ಚಿಯೊಂದನ್ನು ಎಳೆದುಕೊಂಡು ಹೊರಗೆ ಬಂದಳು.

"ಕೂತ್ಕೋ. ಮುರಿದ ಬೆನ್ನಿಟ್ಕೊಂಡು ಎಷ್ಟೊತ್ತು ನಿಲ್ತೀಯ?"

"ನಾನು ನಿಮಗೆ ಮಾತು ಕೊಟ್ಟಿದ್ದೆ, ಅಮ್ಮಾ."

"ಅವನು ಹಠ ಹಿಡಿದ್ರೆ ಹೆತ್ತ ನಾನೇ ಸೋಲ್ತಿದ್ದೆ. ನೀನು ಎಷ್ಟರವನು?" ಕಣ್ಣೊರೆಸಿಕೊಂಡು, ಸ್ವಲ್ಪ ಗಡುಸಾಗಿಯೇ ಮುಂದುವರಿಸಿದಳು. "ನಾಳೆ ಪೊಲೀಸರ ಹತ್ರ ಹೋಗಿ ನಿಜ ಹೇಳು. ಸತ್ತವನ ಮರ್ಯಾದೆ ಕಾಯೋಕೆ ನಿನ್ನ ಸುಳ್ಳು ಬೇಡ. ಅವನು ಹೇಗಿದ್ನೋ ಹಾಗೇ ನನಗೆ ಬೇಕು."

ಅಮ್ಮ ಪ್ರಾರ್ಥನೆಗೆಂದು ಒಳಗೆ ಹೋದಳು. ಇಬ್ಬರೇ ಉಳಿದರು. ಅವನು ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದ. ಮೈ ಬಗ್ಗಿಸಿ ತಲೆ ತಗ್ಗಿಸುವ ಹಳೆಯ ಅಭ್ಯಾಸಕ್ಕೆ ಕವಚ ಎಡೆ ಕೊಡುತ್ತಿರಲಿಲ್ಲ. ಅವಳನ್ನು ನೋಡದೆ ಬೇರೆ ದಾರಿಯಿರಲಿಲ್ಲ.

"ನನ್ನನ್ನ ಕಂಡಾಗಲೆಲ್ಲ ನಿಮಗೆ ಅವನೇ ನೆನಪಾಗ್ತಾನೆ," ಎಂದ.

"ಆಗ್ತಾನೆ. ನಿಮ್ಮನ್ನ ಕಾಣದೇ ಇದ್ರೂ ಆಗ್ತಾನೆ."

"ನಾಳೆ ಪೊಲೀಸರು ಏನ್ಮಾಡ್ತಾರೋ ಗೊತ್ತಿಲ್ಲ. ಬೆನ್ನು ಮೊದಲಿನ ಹಾಗೆ ಆಗುತ್ತೋ ಇಲ್ವೋ. ಲಿಫ್ಟಿನ ಬಾವಿಗೆ ಮತ್ತೆ ಇಳಿಯೋಕೆ ಆಗುತ್ತೋ ಇಲ್ವೋ."

"ಇದನ್ನೆಲ್ಲ ಹೇಳೋಕಾ ಅಣ್ಣನ ಶಿಫಾರಸು ಬೇಕಾಗಿದ್ದು?"

ಅವನ ತುಟಿ ನಡುಗಿತು. ನಗುವೋ ಅಳುವೋ ಅವಳಿಗೆ ತಿಳಿಯಲಿಲ್ಲ.

"ನೀನಂದ್ರೆ ನನಗೆ ಪ್ರಾಣ," ಎಂದ. ನೀವು ಎನ್ನುವುದನ್ನು ಮರೆತೇಬಿಟ್ಟಿದ್ದ. "ಇಷ್ಟೇ ಇದ್ದಿದ್ದು ಮಾತು. ಇದನ್ನ ನಾನೇ ಅವತ್ತು ಹೇಳಿದ್ದಿದ್ರೆ..."

"ಬೇಡ. ಆ 'ಇದ್ದಿದ್ರೆ' ಬೇಡ. ನನ್ನ ತಲೆ ಇನ್ನೂ ಗೊಂದಲದ ಗೂಡಾಗಿದೆ. ಸಿಟ್ಟು ಪೂರ್ತಿ ಹೋಗಿಲ್ಲ, ನಾಳೆ ಮತ್ತೆ ಬಂದ್ರೂ ಬರಬಹುದು. ಆದ್ರೂ ನೀನು ಹೋಗ್ಬೇಡ." ಅವಳು ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. "ಇಲ್ಲೇ ಇರು. ಸಿಟ್ಟು ಬಂದಾಗಲೂ ಇರು."

"ಇರ್ತೀನಿ."

ಒಳಗಿನಿಂದ ಅಮ್ಮ ಕರೆದಳು. ಅವನು ಮಂಡಿಯೂರಲಾರದೆ ನಿಂತೇ ಕೈಮುಗಿದ. ಅವಳು ಅವನ ಪಕ್ಕದಲ್ಲಿ ನಿಂತಳು. ಅಮ್ಮ ನಿನ್ನೆಯ ಮಾತನ್ನು ಮನ್ನಿಸೆಂದು ಮೊದಲು ಬೇಡಿಕೊಂಡಳು. ಆಮೇಲೆ ಒಂದೊಂದೇ ಮಾತಾಗಿ ನಿಧಾನವಾಗಿ ಹೇಳಿದಳು. ಇಬ್ಬರೂ ಅವಳ ಹಿಂದೆ ಹೇಳಿದರು.

"ದೇವರೇ, ನಮ್ಮ ಹುಡುಗ ನಿನ್ನ ಹತ್ತಿರ ಬಂದಿದ್ದಾನೆ. ಹಠಮಾರಿ, ಆದರೆ ಕೆಟ್ಟವನಲ್ಲ. ಅವನ ತಪ್ಪನ್ನು ಮನ್ನಿಸು. ಅವನ ಮೈಗೆ ಇನ್ನು ಯಾವ ನೋವೂ ಬಾರದಿರಲಿ. ಅರ್ಧಕ್ಕೆ ನಿಂತ ಹಾಡನ್ನು ಅವನು ನಿನ್ನ ಮುಂದೆ ಮುಗಿಸಲಿ. ಅವನ ಆತ್ಮಕ್ಕೆ ಶಾಂತಿ ಕೊಡು, ತಂದೆಯೇ."